ಗೆರೆ ಸಿಸ್ಟರು ಮತ್ತು ಟೈಲರಮ್ಮನ ಮೂರು ಗಂಟೆ

ಆಸ್ಪತ್ರೆಗೆ ಹೊಸ ಸಾಮಾನು ಯಾವುದೇ ಬರಲಿ, ಗೆರೆ ಸಿಸ್ಟರು ಮೊದಲು ಅದನ್ನು ಬೈಯುತ್ತಾರೆ. ಆಮೇಲೆ ಅದಕ್ಕೊಂದು ಹೆಸರಿಡುತ್ತಾರೆ. ಕೊನೆಗೆ ಅದನ್ನು ಬೇರೆ ಯಾರೂ ಮುಟ್ಟದ ಹಾಗೆ ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಮೂವತ್ತೈದು ವರ್ಷದ ನೌಕರಿಯಲ್ಲಿ ಈ ಕ್ರಮ ಒಂದು ಸಲವೂ ತಪ್ಪಿಲ್ಲ.

ಮರದ ಕೊಳವೆಯ ಒಂದು ತುದಿಯನ್ನು ಬಸುರಿಯ ಹೊಟ್ಟೆಗೂ ಇನ್ನೊಂದನ್ನು ತಮ್ಮ ಕಿವಿಗೂ ಆನಿಸಿ ಮಗುವಿನ ಎದೆಬಡಿತ ಎಣಿಸುತ್ತಿದ್ದ ಕಾಲದವರು ಅವರು. ಕೈಯಲ್ಲಿ ಹಿಡಿಯುವ ಡಾಪ್ಲರ್ ಬಂದಾಗ "ಕಿವಿ ಸತ್ತೋರಿಗೆ ಇದು, ನನಗ್ಯಾಕೆ?" ಎಂದು ಮೂಗು ಮುರಿದರು. ಆ ಯಂತ್ರವೋ, ಹೊಟ್ಟೆಗೆ ತಾಗಿಸಿದ್ದೇ ತಡ, ಮಗುವಿನ ಎದೆಬಡಿತವನ್ನು ಇಡೀ ವಾರ್ಡಿಗೆ ಕೇಳುವ ಹಾಗೆ ಡಬಡಬ ಸಾರಿತು. ಅದಕ್ಕೆ ಬಾಯಿಬಡ್ಕಿ ಎಂದು ಹೆಸರಾಯಿತು. ತಿಂಗಳೊಳಗೆ ಸಿಸ್ಟರೇ ಹೊರಗಿನ ಬೆಂಚಿನ ಮೇಲೆ ಕೂತ ಗಂಡಂದಿರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಕೇಳಿಸತೊಡಗಿದ್ದರು. "ಕೇಳ್ರೀ, ನಿಮ್ಮ ಮಗು ಒಳಗೆ ಓಟದ ಪಂದ್ಯ ಓಡ್ತಾ ಇದೆ. ನೀವು ಇಲ್ಲಿ ತೂಕಡಿಸ್ತಾ ಕೂತಿದೀರ!"

ಅವರಿಗೆ ಗೆರೆ ಸಿಸ್ಟರು ಎಂಬ ಹೆಸರು ಬಂದದ್ದು ಹೆರಿಗೆ ಚಾರ್ಟಿನಿಂದ. ನೋವು ತಿನ್ನುತ್ತಿರುವ ಹೆಂಗಸಿನ ಗರ್ಭಕೋಶದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿದೆ ಎಂದು ಪರೀಕ್ಷೆ ಮಾಡಿದಾಗಲೆಲ್ಲ ಆ ಹಾಳೆಯಲ್ಲೊಂದು ಗುರುತು ಹಾಕಬೇಕು. ಗುರುತುಗಳನ್ನು ಸೇರಿಸಿದರೆ ಒಂದು ಗೆರೆ. ನಾಲ್ಕರಿಂದ ಹತ್ತಕ್ಕೆ ಏರಿದರೆ ಹೆರಿಗೆ ಹತ್ತಿರ. ಉಳಿದವರ ಚಾರ್ಟು ಕೋಳಿ ಕೆದರಿದ ಹಾಗೆ ಇದ್ದರೆ ನಮ್ಮ ಸಿಸ್ಟರದ್ದು ಸ್ಕೇಲಿಟ್ಟು ಎಳೆದಂತೆ. ಅದರಲ್ಲೂ ಇಪ್ಪತ್ತಮೂರು ವರ್ಷದ ಹಿಂದಿನ ಒಂದು ಚಾರ್ಟಂತೂ ಡ್ಯೂಟಿ ರೂಮಿನ ಗೋಡೆಯ ಮೇಲೆ ಗಾಜಿನ ಫ್ರೇಮಿನಲ್ಲಿ ಕೂತಿತ್ತು. ತರಬೇತಿಗೆ ಬರುವ ಹುಡುಗಿಯರೆಲ್ಲ ಅದನ್ನು ನಕಲು ಮಾಡಿಕೊಳ್ಳಬೇಕು. ತರಬೇತಿ ಶಾಲೆಯ ಪಾಠದಲ್ಲೂ ಅದೇ ಅಚ್ಚಾಗಿತ್ತು. ಗಂಟೆಗೊಂದು ಸೆಂಟಿಮೀಟರ್, ನಾಲ್ಕು, ಐದು, ಆರು, ಏಳು, ಎಲ್ಲೂ ಎಡವದೆ ಮೆಟ್ಟಿಲು ಹತ್ತಿದಂತೆ.

ಚಾರ್ಟಿನ ಮೇಲಿನ ಹೆಸರಿಗೆ ಬಿಳಿ ಕಾಗದ ಅಂಟಿಸಿದ್ದರು. ಆದರೆ ಅದು ಯಾರದ್ದೆಂದು ಗೊತ್ತಿಲ್ಲದವರು ಯಾರು? ಆಸ್ಪತ್ರೆಯ ಗೇಟಿನೆದುರು ಅಂಗಡಿ ಇಟ್ಟುಕೊಂಡು ನರ್ಸುಗಳ ಯೂನಿಫಾರ್ಮ್ ಹೊಲಿಯುವ ಟೈಲರಮ್ಮನ ಚೊಚ್ಚಲ ಹೆರಿಗೆ ಅದು. ಟೈಲರಮ್ಮನ ಅತ್ತೆ, ಈಗ ಎಂಬತ್ತರ ಅಜ್ಜಿ, ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು: "ನಮ್ಮ ಸೊಸೇದು ಅದೇನು ಹೆರಿಗೆ ಅಂತೀರಿ, ಸಲೀಸು! ಗೋಡೆ ಮೇಲೆ ನೇತು ಹಾಕಿದಾರೆ, ಬೇಕಾದ್ರೆ ಹೋಗಿ ನೋಡಿ. ನಾನು ಒಂದೊಂದು ಹೆತ್ತಾಗ್ಲೂ ಯಮನ ಬಾಗಿಲು ತಟ್ಟಿ ಬಂದೋಳು." ಟೈಲರಮ್ಮ ಮಿಷನ್ನಿನಿಂದ ತಲೆ ಎತ್ತದೆ ನಗುತ್ತಿದ್ದಳು.

ಈಗ ಒಂದು ಗುಟ್ಟು ಒಡೆಯಲೇಬೇಕು. ಚಾರ್ಟನ್ನು ಹೆರಿಗೆಯ ಜೊತೆಜೊತೆಗೇ ತುಂಬಬೇಕೆಂದು ನಿಯಮ. ಆದರೆ ಯಾವ ಸಿಸ್ಟರೂ ತುಂಬುತ್ತಿರಲಿಲ್ಲ. ಒಂದು ಕೈ ಹೆಂಗಸಿನ ಬೆನ್ನ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ ಇರುವಾಗ ಪೆನ್ನು ಹಿಡಿಯಲು ಮೂರನೆಯ ಕೈ ಎಲ್ಲಿಂದ ತರಬೇಕು? ಯೂನಿಫಾರ್ಮಿನ ತೊಡೆಯ ಮೇಲೆ ಅಂಗೈ ಉದ್ದದ ಪ್ಲಾಸ್ಟರ್ ಅಂಟಿಸಿಕೊಂಡು, ಅದರ ಮೇಲೆ ಗಂಟೆ ಮತ್ತು ಸೆಂಟಿಮೀಟರ್ ಗೀಚಿಕೊಳ್ಳುವುದು. ಮಗು ಅತ್ತು, ತಾಯಿ ನಕ್ಕು, ಟೀ ಬಂದ ಮೇಲೆ ಕೂತು ಚಾರ್ಟು ಬಿಡಿಸುವುದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಎಂದು ಯಾರಾದರೂ ಅಂದರೆ, "ಕೋಟೆ ಉಳಿಸಿಕೊಟ್ಟೆವಲ್ಲ, ಬಾಗಿಲು ಯಾವಾಗ ಹಾಕಿದ್ರೇನು?" ಎಂದು ಗೆರೆ ಸಿಸ್ಟರು ಬಾಯಿ ಮುಚ್ಚಿಸುತ್ತಿದ್ದರು.

ಹೋದ ವರ್ಷ ಕಾಗದದ ಚಾರ್ಟಿನ ಬದಲಿಗೆ ಟ್ಯಾಬ್ ಬಂತು. ಅಲ್ಲಿಗೆ ಟೀ ಕುಡಿಯುತ್ತ ಚಾರ್ಟು ಬಿಡಿಸುವ ಸುಖ ಮುಗಿಯಿತು. ಅದು ಅರ್ಧ ಗಂಟೆಗೊಮ್ಮೆ ಕೂಗಿ ಕೇಳುತ್ತದೆ: ಮಗುವಿನ ಎದೆಬಡಿತ ಎಷ್ಟು, ತಾಯಿ ನೀರು ಕುಡಿದಳೇ, ಜೊತೆಗೆ ಯಾರಾದರೂ ಇದ್ದಾರೆಯೇ. ಗಂಟೆಯನ್ನು ಅದೇ ಬರೆದುಕೊಳ್ಳುತ್ತದೆ. ತಡವಾಗಿ ತುಂಬಿದರೆ ಹಳದಿ ಚೌಕವೊಂದು ತೆರೆದು, 'ತಡವಾಗಿದೆ. ಕಾರಣ?' ಎನ್ನುತ್ತದೆ. ಕಾರಣ ಬರೆಯದೆ ಮುಂದಕ್ಕೆ ಬಿಡುವುದಿಲ್ಲ. ಹೆರಿಗೆ ಮಿತಿ ಮೀರಿ ತಡವಾದರೆ ಪರದೆ ಕೆಂಪಾಗುತ್ತದೆ.

"ಟ್ಯಾಬಂತೆ ಟ್ಯಾಬು! ಇದು ಅತ್ತೆ ಕಣ್ರೇ, ಅತ್ತೆ!" ಎಂದು ಸಿಸ್ಟರು ಮೊದಲ ದಿನವೇ ಕೂಗಾಡಿದರು. "ನನ್ನ ಸ್ವಂತ ಅತ್ತೆ ಕೂಡ ಜೀವಮಾನದಲ್ಲಿ ಇಷ್ಟು ಸಲ 'ಯಾಕೆ ತಡ' ಅಂತ ಕೇಳಿರಲಿಲ್ಲ." ಹಳದಿ ಚೌಕದಲ್ಲಿ ಅವರು ಬರೆದ ಮೊದಲ ಕಾರಣ: 'ಹೆರಿಗೆ ಮಾಡಿಸುತ್ತಿದ್ದೆ.' ಎರಡನೆಯದು: 'ನಿನಗ್ಯಾಕೆ?' ಮೇಲಿನ ಕಚೇರಿಯಿಂದ ಫೋನ್ ಬಂದು, ದಯವಿಟ್ಟು ಇಂಥ ಕಾರಣ ಬರೆಯಬೇಡಿ ಎಂದರು. ಬೈಗುಳವಾಯಿತು, ಹೆಸರೂ ಆಯಿತು. ಆದರೆ ಬೀರುವಿನೊಳಗೆ ಮಾತ್ರ ಅತ್ತೆಗೆ ಜಾಗ ಸಿಗಲಿಲ್ಲ. ಮೇಜಿನ ಮೂಲೆಯಲ್ಲಿ ಬಿದ್ದಿರುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಟೈಲರಮ್ಮ ತನ್ನ ಮಗಳನ್ನು ನಡೆಸಿಕೊಂಡು ರಸ್ತೆ ದಾಟಿ ಬಂದಳು. ಗೋಡೆಯ ಮೇಲಿನ ಗೆರೆಯಿಂದ ಹುಟ್ಟಿದ ಅದೇ ಮಗಳು! ಅಮ್ಮನ ಅಂಗಡಿಯಲ್ಲೇ ಕತ್ತರಿ ಹಿಡಿದು ಬೆಳೆದವಳು, ಈಗ ಚೊಚ್ಚಲ ಬಸುರಿ. ಹಿಂದೆ ಗಂಡ, ಅವನ ಹಿಂದೆ ಊರುಗೋಲು ಊರಿಕೊಂಡು ಅಜ್ಜಿ. ಸಿಸ್ಟರಿಗೆ ಸಂತೋಷ ತಡೆಯಲಾಗಲಿಲ್ಲ. "ನಿನ್ನನ್ನ ಹೊರಗೆ ಎಳೆದಿದ್ದು ಇದೇ ಕೈ ಕಣೇ. ಈಗ ನಿನ್ನ ಮಗೂನೂ ಇದೇ ಕೈ ಎಳೆಯತ್ತೆ, ಬಾ" ಎಂದು ಗಲ್ಲ ಹಿಂಡಿದರು.

ಒಂಬತ್ತಕ್ಕೆ ನೋಡಿದಾಗ ಐದು ಸೆಂಟಿಮೀಟರ್. ಹನ್ನೊಂದಕ್ಕೂ ಐದು. ಒಂದು ಗಂಟೆಗೆ ಮತ್ತೆ ನೋಡಿದರೆ, ಅದೇ ಐದು.

ಚಿಕ್ಕ ಸಿಸ್ಟರ್‌ಗೆ ಗಾಬರಿಯಾಯಿತು. ಎರಡು ವರ್ಷದ ಹಿಂದೆ ತರಬೇತಿ ಮುಗಿಸಿ ಬಂದ ಹುಡುಗಿ, ಕೆಲಸದಲ್ಲಿ ಚುರುಕು. ಟ್ಯಾಬನ್ನು ನೋಡಿದಳು, ಗೋಡೆಯ ಫ್ರೇಮನ್ನು ನೋಡಿದಳು, ಡಾಕ್ಟರಮ್ಮನನ್ನು ಕರೆಯಲು ಓಡಿದಳು. ಎರಡೇ ನಿಮಿಷದಲ್ಲಿ ಆಂಬುಲೆನ್ಸ್ ಡ್ರೈವರ್ ಗಾಡಿಯನ್ನು ಬಾಗಿಲಿಗೆ ತಂದು ನಿಲ್ಲಿಸಿದ. ಆಪರೇಷನ್ ಮಾಡುವ ದೊಡ್ಡ ಆಸ್ಪತ್ರೆಗೆ ಎರಡು ಗಂಟೆಯ ದಾರಿ, ಅದೂ ಗುಂಡಿಗಳಿಗೆ ಲೆಕ್ಕವಿಲ್ಲದ ದಾರಿ.

"ಮೇಡಂ, ಇವರಮ್ಮಂದೇ ಚಾರ್ಟ್ ನೋಡಿ" ಎಂದು ಚಿಕ್ಕ ಸಿಸ್ಟರ್ ಫ್ರೇಮಿನ ಮೇಲೆ ಬೆರಳಿಟ್ಟಳು. "ನಾಲ್ಕು ಗಂಟೇಲಿ ನಾಲ್ಕು ಸೆಂಟಿಮೀಟರ್. ಇವಳದ್ದು ಬೆಳಿಗ್ಗೆ ಒಂಬತ್ತರಿಂದ ಅಲ್ಲೇ ನಿಂತಿದೆ. ಏನೋ ಸರಿಯಿಲ್ಲ, ಕಳಿಸಿಬಿಡೋಣ."

ಡಾಕ್ಟರಮ್ಮ ಹೊಸಬರು, ಬಂದು ಆರು ತಿಂಗಳು. ಅವರಿಗೂ ಅಳುಕು. "ಟ್ಯಾಬ್ ಇನ್ನೂ ಕೆಂಪಾಗಿಲ್ಲವಲ್ಲ? ಐದರ ಹತ್ತಿರ ಒಟ್ಟು ಆರು ಗಂಟೆ ಕಾಲ ಕಾಯಬಹುದು ಅನ್ನತ್ತೆ ಅದು. ಎದೆಬಡಿತಾನೂ ಚೆನ್ನಾಗಿದೆ" ಎಂದರು. ಆಮೇಲೆ ಫ್ರೇಮನ್ನು ನೋಡಿ ತುಟಿ ಕಚ್ಚಿದರು. "ಆದ್ರೆ ಕಾದು ಕಾದು ಆಮೇಲೆ ಹೊರಟರೆ ದಾರೀಲಿ ಏನಾದ್ರೂ ಆದ್ರೆ? ಸಿಸ್ಟರ್, ಇದು ನಿಮ್ಮ ಕೈ ಚಾರ್ಟು. ನೀವೇ ಹೇಳಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಸಿಸ್ಟರ ಕೈ ತಾನಾಗಿ ತೊಡೆಯ ಮೇಲಿನ ಪ್ಲಾಸ್ಟರಿಗೆ ಹೋಯಿತು.

ಅಷ್ಟರಲ್ಲಿ ಒಳಗಿನಿಂದ ಹುಡುಗಿಯ ಅಳು ಕೇಳಿತು. "ನನ್ನಲ್ಲೇ ಏನೋ ಐಬಿದೆ ಅಮ್ಮಾ. ನಿನಗೆ ಅಷ್ಟು ಸಲೀಸಾಗಿತ್ತು. ನನಗ್ಯಾಕೆ ಆಗ್ತಿಲ್ಲ? ನನ್ನ ಮೈಯೇ ಸರಿಯಿಲ್ಲ."

ಈ ಮಾತು ಸಿಸ್ಟರ ಕರುಳಿಗೆ ತಾಗಿತು. ಇಪ್ಪತ್ತಮೂರು ವರ್ಷದ ಹಿಂದಿನ ಆ ಮಧ್ಯಾಹ್ನ ಅವರಿಗೆ ನಿನ್ನೆಯಷ್ಟೇ ನಡೆದಂತೆ ನೆನಪಿತ್ತು. ಹನ್ನೊಂದಕ್ಕೆ ಐದು, ಹನ್ನೆರಡಕ್ಕೆ ಐದು, ಒಂದಕ್ಕೆ ಐದು, ಎರಡಕ್ಕೂ ಐದು. ಮಂಡಿಯೂರಿ ಮರದ ಕೊಳವೆಗೆ ಕಿವಿ ಹಚ್ಚಿ, ಕಾಲು ಗಂಟೆಗೊಮ್ಮೆ ಎದೆಬಡಿತ ಎಣಿಸಿ, ಮಗು ಗಟ್ಟಿಯಾಗಿದೆ, ಕಾಯುತ್ತೇನೆ ಎಂದು ಹಲ್ಲು ಕಚ್ಚಿ ಕಾದಿದ್ದರು. ಎರಡೂವರೆಗೆ ಏಳು ಆಯಿತು, ಸಂಜೆ ಮಗು ಬಂತು. ಮಾರನೆಯ ದಿನ ತಪಾಸಣೆಗೆ ಮೇಲಿನವರು ಬರುವವರಿದ್ದರು. ಚಾರ್ಟಿನಲ್ಲಿ ಗೆರೆ ಮೂರು ಗಂಟೆ ಮಲಗಿದ್ದು ಕಂಡರೆ, ಯಾಕೆ ಕಳಿಸಲಿಲ್ಲ ಎಂದು ನೌಕರಿಗೇ ಕುತ್ತು. ಟೀ ಕುಡಿಯುತ್ತ ಕೂತು ಮಲಗಿದ ಗೆರೆಯನ್ನು ಎಬ್ಬಿಸಿ ನಿಲ್ಲಿಸಿದರು. ತಪಾಸಣೆಯವರು ಗೆರೆಯ ಚಂದಕ್ಕೆ ಮರುಳಾಗಿ ಫ್ರೇಮು ಹಾಕಿಸಿದರು. ಆಮೇಲೆ ಬಾಯಿ ಬಿಡುವುದು ಹೇಗೆ? ಹೆಸರು ಬಂದುಬಿಟ್ಟಿತ್ತಲ್ಲ.

ಈಗ ಹೇಳಿದರೆ ಆ ಹೆಸರು ಮಣ್ಣುಪಾಲು. ಹೇಳದಿದ್ದರೆ ಈ ಹುಡುಗಿ ತನ್ನ ಮೈಯನ್ನೇ ಶಪಿಸಿಕೊಳ್ಳುತ್ತ ಗುಂಡಿಯ ದಾರಿ ಹಿಡಿಯುತ್ತಾಳೆ. ಸಿಸ್ಟರು ಸ್ಟೂಲು ಎಳೆದು ಹತ್ತಿದರು, ಫ್ರೇಮು ಇಳಿಸಿದರು.

"ಡಾಕ್ಟರಮ್ಮ, ಇದು ಸುಳ್ಳು ಚಾರ್ಟು."

"ಏನಂದ್ರಿ?"

"ಸುಳ್ಳು ಅಂದೆ. ಹೆರಿಗೆ ನಿಜ, ಮಗು ನಿಜ, ಗೆರೆ ಸುಳ್ಳು. ನಾನೇ ಆಮೇಲೆ ಕೂತು ಬರೆದಿದ್ದು. ಇವರಮ್ಮಂದೂ ಐದರ ಹತ್ರ ನಿಂತಿತ್ತು, ಪೂರ್ತಿ ಮೂರು ಗಂಟೆ."

ಚಿಕ್ಕ ಸಿಸ್ಟರ್ ಬಾಯಿ ತೆರೆದಳು, ಮುಚ್ಚಲು ಮರೆತಳು. "ಅಕ್ಕಾ, ನಾನು ಪರೀಕ್ಷೇಲಿ ಇದನ್ನೇ ಬರೆದು ಪಾಸಾಗಿದ್ದು!"

"ಇಪ್ಪತ್ಮೂರು ವರ್ಷದ ಹಿಂದಿಂದು, ಅಷ್ಟು ಖಚಿತವಾಗಿ ನೆನಪಿದೆಯಾ ಸಿಸ್ಟರ್?" ಎಂದರು ಡಾಕ್ಟರಮ್ಮ. ಗದರಿಸಿ ಕೇಳಿದ್ದಲ್ಲ, ಆದರೆ ಕೇಳಲೇಬೇಕಾದ ಪ್ರಶ್ನೆ.

ಸಿಸ್ಟರು ಫ್ರೇಮನ್ನು ಮೇಜಿನ ಮೇಲೆ ಬೋರಲು ಹಾಕಿ, ಹಿಂದಿನ ರಟ್ಟಿನ ಮೊಳೆಗಳನ್ನು ಕತ್ತರಿಯಿಂದ ಮೀಟಿದರು. ಚಾರ್ಟು ತುಂಬಿದ ಮೇಲೆ ತೊಡೆಯ ಪ್ಲಾಸ್ಟರನ್ನು ಕಿತ್ತು ಅದೇ ಹಾಳೆಯ ಬೆನ್ನಿಗೆ ಅಂಟಿಸುವುದು ಆಗಿನಿಂದಲೂ ಅವರ ರೂಢಿ. ಹಾಳೆ ತಿರುಗಿಸಿದರೆ ಅಲ್ಲಿತ್ತು, ಹಳದಿಗಟ್ಟಿ ಸುಕ್ಕಾಗಿ. ಅಕ್ಷರ ಮಸುಕಾದರೂ ಓದುವಂತಿತ್ತು. 11–5. 12–5. 1–5. 2–5. 2½–7. ಗೋಡೆಗೆ ಮುಖ ಮಾಡಿಕೊಂಡು ನಿಜ ಅಷ್ಟೂ ವರ್ಷ ಅಲ್ಲೇ ಕೂತಿತ್ತು.

ಡಾಕ್ಟರಮ್ಮ ಅದನ್ನು ಎರಡು ಸಲ ಓದಿದರು. "ಮೂರು ಗಂಟೆ, ಬರೀ ಕೊಳವೆ ಇಟ್ಕೊಂಡು ಕಾದ್ರಾ? ಸಿಸ್ಟರ್, ನೀವು ಅಳಿಸಿ ಹಾಕಿದ್ದು ನಿಮ್ಮ ಅತಿ ಒಳ್ಳೇ ಕೆಲಸಾನೇ ಅಲ್ವಾ?"

ಈ ಮಾತು ಸಿಸ್ಟರಿಗೆ ಅದುವರೆಗೆ ಹೊಳೆದೇ ಇರಲಿಲ್ಲ.

ಡಾಕ್ಟರಮ್ಮ ಒಳಗೆ ಹೋಗಿ ತಾವೇ ಪರೀಕ್ಷೆ ಮಾಡಿದರು. ಹೊಟ್ಟೆಗೆ ಎದೆಬಡಿತ ಬರೆಯುವ ಯಂತ್ರದ ಬೆಲ್ಟು ಕಟ್ಟಿ ಇಪ್ಪತ್ತು ನಿಮಿಷ ಎದೆಬಡಿತದ ಗೆರೆ ನೋಡಿದರು. ಮಗುವಿನ ತಲೆ ಕೆಳಗೇ ಇದೆ, ಬಡಿತ ಗಟ್ಟಿ, ತಾಯಿಗೂ ಶಕ್ತಿ ಇದೆ. "ಕಾಯೋಣ. ಟ್ಯಾಬ್ ಮೂರು ಗಂಟೆಗೆ ಗಡುವು ಕೊಟ್ಟಿದೆ. ಅದಕ್ಕಿಂತ ಮುಂಚೆ ಮಗು ಒಂಚೂರು ಸುಸ್ತಾದ್ರೂ ಹೊರಟುಬಿಡೋದು. ಆಂಬುಲೆನ್ಸ್ ಬಾಗಿಲಲ್ಲೇ ಇರಲಿ."

"ಸರಿ. ಅತ್ತೆ ಕೆಂಪಾದ್ರೆ ಹೊರಡೋಣ" ಎಂದರು ಸಿಸ್ಟರು.

"ನಾನ್ಯಾಕೆ ಕೆಂಪಾಗ್ಲಿ?" ಎಂದು ಬಾಗಿಲಲ್ಲಿದ್ದ ಅಜ್ಜಿ ಸಿಡುಕಿದರು. ಅಷ್ಟು ಆತಂಕದಲ್ಲೂ ಹುಡುಗಿಗೆ ನಗು ಉಕ್ಕಿತು. ನಗುವಾಗಲೇ ನೋವು ಬಂತು, ನೋವಿನಲ್ಲೂ ನಕ್ಕಳು.

ಸಿಸ್ಟರು ಮಂಚದ ಪಕ್ಕ ಕೂತು ಅವಳ ಕೈ ಹಿಡಿದರು. "ನೋಡು ಮಗಳೇ, ನಿನ್ನ ಮೈ ಸರಿಯಾಗೇ ಇದೆ. ನಿಮ್ಮಮ್ಮಂದೂ ಹೀಗೇ ನಿಂತಿತ್ತು. ನಾನೇ ಸುಳ್ಳು ಬರೆದೆ. ತಪ್ಪು ನಂದು."

ಟೈಲರಮ್ಮ ಮಗಳ ಬೆನ್ನು ನೀವುತ್ತಿದ್ದವಳು ನಿಲ್ಲಿಸಿದಳು. "ನಿಂತಿತ್ತಾ?"

"ಮೂರು ಗಂಟೆ."

"ನಂಗೆ ಗೊತ್ತಿತ್ತು" ಎಂದಳು ಟೈಲರಮ್ಮ, ಬಹಳ ಮೆಲ್ಲಗೆ. "ಗಡಿಯಾರ ನೋಡ್ಕೊಂಡೇ ಮಲಗಿದ್ದೆ. ಮುಳ್ಳು ಹೋಗ್ತಾನೇ ಇತ್ತು. ಆಮೇಲೆ ನಿಮ್ಮ ಚಾರ್ಟ್ ನೋಡಿ, ನೋವಲ್ಲಿ ನಂಗೇ ತಲೆ ಕೆಟ್ಟಿತ್ತೇನೋ, ನಾನೇ ತಪ್ಪು ಎಣಿಸಿದೆನೇನೋ ಅಂದ್ಕೊಂಡೆ. ಓದಿದವರು ಬರೆದಿದ್ದಲ್ವಾ." ಆಮೇಲೆ ದನಿ ಜೋರಾಯಿತು. "ಸೆಂಟಿಮೀಟರ್ ಲೆಕ್ಕದಲ್ಲಿ ಬಟ್ಟೆ ಕತ್ತರಿಸೋಳು ನಾನು! ನನ್ನ ಅಳತೇನೇ ತಪ್ಪು ಅಂತ ಇಷ್ಟು ವರ್ಷ ನಂಬಿಸಿಬಿಟ್ರಲ್ಲ ಸಿಸ್ಟರೇ!"

ಸಿಸ್ಟರು ತಲೆ ತಗ್ಗಿಸಿದರು. ಬೈಸಿಕೊಳ್ಳುವುದು ಅವರಿಗೆ ಅಭ್ಯಾಸವಿಲ್ಲದ ಕೆಲಸ, ಆದರೂ ಪೂರ್ತಿ ಬೈಸಿಕೊಂಡರು. ಮುಗಿಸಿದ್ದು ಹುಡುಗಿಯೇ. "ಅಮ್ಮಾ, ಜಗಳ ಆಮೇಲೆ. ನನ್ನ ಎಬ್ಬಿಸಿ, ಮಲಗಿ ಮಲಗಿ ಸೊಂಟ ಹೋಯ್ತು."

ಬೆಲ್ಟು ಬಿಚ್ಚಿ ನಡೆಸಿದರು. ಮಂಚದಿಂದ ಕಿಟಕಿ, ಕಿಟಕಿಯಿಂದ ಕೈತೊಳೆಯುವ ಬೇಸಿನ್ನು, ಬೇಸಿನ್ನಿನಿಂದ ಉದ್ದದ ಪಡಸಾಲೆ. ಒಂದು ಕಡೆ ಅಮ್ಮ, ಇನ್ನೊಂದು ಕಡೆ ಸಿಸ್ಟರು. ನೋವು ಬಂದಾಗ ಹುಡುಗಿ ಸಿಸ್ಟರ ಕುತ್ತಿಗೆಗೆ ಜೋತುಬಿದ್ದು ತೂಗಾಡುವುದು. ಆಗಾಗ ಬಾಯಿಬಡ್ಕಿಯನ್ನು ಹೊಟ್ಟೆಗಿಟ್ಟರೆ ಡಬಡಬ ಸದ್ದು ಪಡಸಾಲೆ ತುಂಬುವುದು. ಬೆಂಚಿನ ಮೇಲಿನ ಗಂಡ ಪ್ರತಿ ಸಲವೂ ಎದ್ದು ನಿಲ್ಲುವುದು. ಮೂರನೆಯ ಸಲ ಎದ್ದಾಗ ಸಿಸ್ಟರು, "ನೀವ್ಯಾಕ್ರೀ ಡ್ರಿಲ್ ಮಾಡ್ತೀರ, ನೀರು ತನ್ನಿ" ಎಂದರು. ಟ್ಯಾಬ್ ಕೂಗಿ, ತಾಯಿ ನೀರು ಕುಡಿದಳೇ ಎಂದು ಕೇಳಿತು. ಚಿಕ್ಕ ಸಿಸ್ಟರ್ ಹೌದೆಂದು ಒತ್ತಿದಳು. "ಪರವಾಗಿಲ್ಲ, ಅತ್ತೆಗೂ ಕರುಳಿದೆ" ಎಂದರು ಗೆರೆ ಸಿಸ್ಟರು. ಅವರು ಅದನ್ನು ಹೊಗಳಿದ್ದು ಅದೇ ಮೊದಲು.

ಚಿಕ್ಕ ಸಿಸ್ಟರ್ ಮಾತ್ರ ಗಡಿಯಾರದಿಂದ ಕಣ್ಣು ಕೀಳಲಿಲ್ಲ. "ಅಕ್ಕಾ, ಇನ್ನೊಂದ್ಸಲ ನೋಡೋಣ್ವಾ?"

"ಆತುರಗಾರನಿಗೆ ಬುದ್ಧಿ ಮಟ್ಟ ಕಣೇ. ಹಾಲು ಕಾಯೋಕಿಟ್ಟು ಎದುರಿಗೇ ನಿಂತ್ರೆ ಉಕ್ಕತ್ತಾ?"

ಎರಡೂವರೆ ದಾಟಿದ ಮೇಲೆ ಡಾಕ್ಟರಮ್ಮ ನೋಡಿದರು.

"ಏಳು."

ಚಿಕ್ಕ ಸಿಸ್ಟರ್ ಕುಣಿದೇಬಿಟ್ಟಳು. ಸಿಸ್ಟರು ಹುಡುಗಿಯ ಹಣೆಗೆ ಲೊಚಕ್ಕನೆ ಮುತ್ತು ಕೊಟ್ಟರು. ಡ್ರೈವರ್ ಆಂಬುಲೆನ್ಸನ್ನು ಹಿಂದಕ್ಕೆ ತೆಗೆದು, ಯಾರೂ ಕೇಳದಿದ್ದರೂ ಎಲ್ಲರಿಗೂ ಟೀ ಹೇಳಿದ. ಆಮೇಲಿನದು ಓಟ. ನಾಲ್ಕು ಗಂಟೆಗೆ ಹತ್ತು ಸೆಂಟಿಮೀಟರ್, ಐದು ಹೊಡೆಯಲು ಐದು ನಿಮಿಷವಿರುವಾಗ ಒಂದು ಹೆಣ್ಣು ಮಗು, ತಲೆ ತುಂಬ ಕೂದಲು, ಇಡೀ ಆಸ್ಪತ್ರೆಯನ್ನು ತರಾಟೆಗೆ ತೆಗೆದುಕೊಳ್ಳುವ ಗಂಟಲು. "ಅಬ್ಬಬ್ಬಾ, ಇವಳ ಮುಂದೆ ಬಾಯಿಬಡ್ಕಿ ಏನೂ ಅಲ್ಲ!" ಎಂದು ಸಿಸ್ಟರು ಮಗುವನ್ನು ತಾಯಿಯ ಎದೆಯ ಮೇಲೆ ಮಲಗಿಸಿದರು. ಅವರ ಕಣ್ಣಿಂದ ನೀರು ಧಾರಾಕಾರ ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಟೀ ಬಂತು. ಅಭ್ಯಾಸಬಲದಿಂದ ಸಿಸ್ಟರು ಚಾರ್ಟು ತುಂಬಲು ಕೂತರು. ತುಂಬಲು ಏನೂ ಉಳಿದಿರಲಿಲ್ಲ. ಟ್ಯಾಬಿನಲ್ಲಿ ಗೆರೆ ತಾನೇ ಮೂಡಿತ್ತು. ಬೆಳಿಗ್ಗೆಯಿಡೀ ನೆಲದ ಮೇಲೆ ಮಲಗಿ, ಆಮೇಲೆ ಎದ್ದು ಓಡಿದ, ಒಂದಿಷ್ಟೂ ಚಂದವಿಲ್ಲದ ಗೆರೆ. ಸಿಸ್ಟರು ಅದನ್ನು ತುಂಬ ಹೊತ್ತು ನೋಡಿದರು. ಆಮೇಲೆ ಟ್ಯಾಬನ್ನು ಯೂನಿಫಾರ್ಮಿನ ಅಂಚಿನಿಂದ ಒರೆಸಿ, ಬೀರು ತೆರೆದು, ಬಾಯಿಬಡ್ಕಿಯ ಪಕ್ಕದಲ್ಲಿ ಜಾಗ ಮಾಡಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಅಕ್ಕಾ, ನಂಗೆ ಬೇಕಾದ್ರೆ?" ಎಂದಳು ಚಿಕ್ಕ ಸಿಸ್ಟರ್.

"ಕೇಳಿ ತಗೋ."

ಆಮೇಲೆ ಬಿಚ್ಚಿದ ಹಳೆಯ ಚಾರ್ಟನ್ನು ಹಿಡಿದು ವಾರ್ಡಿಗೆ ಬಂದರು. ಮಂಚದ ಪಕ್ಕ ಟೈಲರಮ್ಮ ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಸಿಸ್ಟರು ಮಗುವನ್ನು ಇಸಿದುಕೊಂಡು, ಅವಳ ಕೈಗೆ ಕೆಂಪು ಪೆನ್ನು ಕೊಟ್ಟರು. "ನೀವೇ ಎಳೀರಿ. ಹನ್ನೊಂದರಿಂದ ಎರಡರವರೆಗೆ."

ಟೈಲರಮ್ಮ ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡಳು. ಬಟ್ಟೆಯ ಮೇಲೆ ಸೀಮೆಸುಣ್ಣ ಎಳೆದು ಪಳಗಿದ ಕೈ. ಸಿಸ್ಟರ ಸುಳ್ಳು ಗೆರೆಯ ಕೆಳಗೆ ಐದರ ಮನೆಯಲ್ಲಿ ಒಂದು, ಎರಡು, ಮೂರು ಚೌಕ ಕೆಂಪು ಗೆರೆ ಚಪ್ಪಟೆಯಾಗಿ ಸಾಗಿತು. ಆಮೇಲೆ ಮೇಲಕ್ಕೆ ಹೋಯಿತು. "ಹಾಂ. ಈಗ ಅಳತೆ ಸರಿಯಾಯ್ತು" ಎಂದಳು.

ಸಿಸ್ಟರು ಪೆನ್ನು ತೆಗೆದುಕೊಂಡು, ಟ್ಯಾಬ್ ಕೇಳುವ ಕ್ರಮದಲ್ಲೇ, ಹಾಳೆಯ ಅಂಚಿನಲ್ಲಿ ಬರೆದರು: 'ತಡವಾಗಿ ತುಂಬಿದ್ದು. ತಡ: ಇಪ್ಪತ್ತಮೂರು ವರ್ಷ. ಕಾರಣ: ಮೊದಲು ಹೆದರಿಕೆ, ಆಮೇಲೆ ಜಂಬ.' ಕೆಳಗೆ ಸಹಿ ಹಾಕಿ, ಎಲ್ಲರಿಗೂ ಕೇಳುವಂತೆ ಓದಿದರು. "ಇದನ್ನೇ ಮತ್ತೆ ಗೋಡೆಗೆ ಹಾಕೋದು. ತರಬೇತಿ ಶಾಲೆಗೆ ನಾನೇ ಹೋಗಿ ಹೇಳ್ತೀನಿ. ಹುಡುಗೀರು ಇನ್ಮೇಲೆ ಇದನ್ನ ನೋಡಿ ಕಲೀಲಿ."

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಹಾಳೆಯನ್ನು ಕಣ್ಣಿನ ಹತ್ತಿರಕ್ಕೆ ಹಿಡಿದರು. ಕೆಂಪು ಗೆರೆಯ ಮೇಲೆ ಬೆರಳಿಟ್ಟು, ಮಲಗಿದ ಮೂರು ಚೌಕಗಳ ಉದ್ದಕ್ಕೂ ನಿಧಾನವಾಗಿ ಸವರಿದರು. ಆಮೇಲೆ ಸೊಸೆಯ ಕಡೆ ತಿರುಗಿದರು.

"ಅವತ್ತು ತುಂಬಾ ನೋವಾಗಿತ್ತೇನೇ?"

"ಹೂಂ ಅತ್ತೆ" ಎಂದಳು ಟೈಲರಮ್ಮ. "ತುಂಬಾ."

ಅಜ್ಜಿ ಅವಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು, ಮಂಚದ ತುದಿಯಲ್ಲಿ ಕೂತರು. "ಹೇಳು, ಮೊದಲಿಂದ ಹೇಳು" ಎಂದರು. ಟೈಲರಮ್ಮ ಹೇಳತೊಡಗಿದಳು.